ಹೊಟ್ಟಿನ ದೂಳಿಗೆ ಹೊಂದುವ ಮೋಟಾರು, ದೀಪ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರ ಪ್ರಕರಣ ಅಧ್ಯಯನ

ಚಿಕ್ಕಮಗಳೂರು ನಗರದ ಅಂಚಿನಲ್ಲಿರುವ ಮಧ್ಯಮ ಗಾತ್ರದ ಕಾಫಿ ಕ್ಯೂರಿಂಗ್ (ಒಣ ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ) ಘಟಕವೊಂದು, ಹೊಟ್ಟು ಬಿಡಿಸುವ ಯಂತ್ರವಾದ ಹಲ್ಲರ್ ಇರುವ ವಿಭಾಗದ ವಿದ್ಯುತ್ ವ್ಯವಸ್ಥೆಯನ್ನು ಬದಲಾಯಿಸಲು ಹೊರಟಾಗ, ಸುರಕ್ಷತಾ ಪ್ರಮಾಣಪತ್ರಗಳ ಆನ್‌ಲೈನ್ ಡೈರೆಕ್ಟರಿಗಳನ್ನು ನೋಡಿ ಉಪಕರಣಗಳನ್ನು ಆರಿಸಿಕೊಂಡ ಬಗೆಯನ್ನು ಈ ಬರಹ ದಾಖಲಿಸುತ್ತದೆ. ಘಟಕದ, ಗುತ್ತಿಗೆದಾರರ, ತಯಾರಕರ ಹೆಸರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಡಲಾಗಿದೆ. 'ಸರ್ಟಿಫಿಕೇಟ್ ಇದೆಯೇ' ಎಂದು ಕೇಳಿ, 'ಇದೆ' ಎಂಬ ಉತ್ತರ ಬಂದೊಡನೆ ಕಡತ ಮುಚ್ಚುವ ರೂಢಿ ನಮ್ಮ ಸಣ್ಣ, ಮಧ್ಯಮ ಕೈಗಾರಿಕೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ಪ್ರಕರಣದಲ್ಲಿ ಮುಂದೆ ಬಂದ ಹೆಚ್ಚಿನ ಸಾಮಾನುಗಳಿಗೆ ಪ್ರಮಾಣಪತ್ರ ಇದ್ದೇ ಇತ್ತು, ಅದು ನಕಲಿಯೂ ಆಗಿರಲಿಲ್ಲ. ಆದರೆ ಅವುಗಳಲ್ಲಿ ಹಲವು ಬೇರೆ ಯಾವುದೋ ಜಾಗಕ್ಕೆ, ಬೇರೆ ಯಾವುದೋ ಅಪಾಯಕ್ಕೆ ಕೊಟ್ಟ ಪ್ರಮಾಣಪತ್ರಗಳಾಗಿದ್ದವು.

ಸಂದರ್ಭ

ಈ ಘಟಕಕ್ಕೆ ಆಲ್ದೂರು, ಮೂಡಿಗೆರೆ, ಬೇಲೂರು ಕಡೆಯ ತೋಟಗಳಿಂದ ಒಣ ಚೆರ್ರಿಯೂ (ಇಡಿಯಾಗಿ ಒಣಗಿಸಿದ ಹಣ್ಣು) ಪಾರ್ಚ್‌ಮೆಂಟೂ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಬರುತ್ತವೆ. ಕಲ್ಲು, ಕಸ ತೆಗೆದ ಮೇಲೆ ಬಕೆಟ್ ಎಲಿವೇಟರ್ ಕಾಫಿಯನ್ನು ಮೇಲೆತ್ತಿ ಹಲ್ಲರಿಗೆ ಸುರಿಯುತ್ತದೆ. ಅಲ್ಲಿ ಬಿಡಿಸಿದ ಹೊಟ್ಟನ್ನು ದೊಡ್ಡ ಫ್ಯಾನೊಂದು ಎಳೆದುಕೊಂಡು, ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಕೆಳಗೆ ಬೀಳಿಸುವ ಸೈಕ್ಲೋನಿಗೆ ಕಳುಹಿಸುತ್ತದೆ. ಸೈಕ್ಲೋನಿನಿಂದ ತಪ್ಪಿಸಿಕೊಂಡ ನುಣುಪು ದೂಳು ಬ್ಯಾಗ್ ಫಿಲ್ಟರಿಗೆ ಹೋಗುತ್ತದೆ, ಕೆಳಗೆ ಉದುರಿದ ಹೊಟ್ಟು ಹೊಟ್ಟಿನ ಕೋಣೆಯನ್ನು ಸೇರಿ, ಆಮೇಲೆ ಡ್ರೈಯರಿನ ಒಲೆಗೆ ಉರುವಲಾಗುತ್ತದೆ. ಅರೇಬಿಕಾ ಕೊಯ್ಲಿನ ಹಿಂದೆಯೇ ರೊಬಸ್ಟಾ ಬರುವುದರಿಂದ, ಸೀಸನ್ನಿನಲ್ಲಿ ಯಂತ್ರಗಳು ರಾತ್ರಿಪಾಳಿಯಲ್ಲೂ ನಿಲ್ಲುವುದಿಲ್ಲ.

ಹಿಂದಿನ ಸೀಸನ್ನಿನ ಕೊನೆಗೆ ರಾತ್ರಿಪಾಳಿಯ ಹಲ್ಲರ್ ಆಪರೇಟರಿಗೆ ಹೊಟ್ಟು ಸುಟ್ಟ ವಾಸನೆ ಬಂದಿತ್ತು. ಹುಡುಕಿದಾಗ, ಸೈಕ್ಲೋನಿನ ಕೆಳಬಾಯಿಯ ಮೇಲೆ ತೂಗುಬಿಟ್ಟಿದ್ದ ಹಳೆಯ ಮೆಟಲ್ ಹ್ಯಾಲೈಡ್ ದೀಪದ ನೆತ್ತಿಯಲ್ಲಿ ಬೆರಳಿನಷ್ಟು ದಪ್ಪಕ್ಕೆ ಕೂತಿದ್ದ ದೂಳು ಕಂದುಗಟ್ಟಿ, ಹೆಕ್ಕಳಿಕೆಯಾಗಿ ಅಂಟಿಕೊಂಡಿದ್ದು ಕಂಡುಬಂತು. ಬೆಂಕಿ ಹೊತ್ತಿರಲಿಲ್ಲ. ಮರುದಿನ ಫ್ಯಾನಿನ ಮೋಟಾರಿನ ಟರ್ಮಿನಲ್ ಬಾಕ್ಸ್ ಬಿಚ್ಚಿದಾಗ, ಬಳಸದೆ ಬಿಟ್ಟಿದ್ದ ಎರಡನೆಯ ಕೇಬಲ್ ತೂತಿಗೆ ಪ್ಲಗ್ ಇರಲಿಲ್ಲ. ಯಾರೋ ಅಲ್ಲಿಗೆ ಕಾಟನ್ ವೇಸ್ಟ್ ತುರುಕಿದ್ದರು. ಒಳಗೆ ಟರ್ಮಿನಲ್ಲುಗಳ ಸುತ್ತ ನಶ್ಯದಷ್ಟು ನುಣುಪಾದ ದೂಳು ತುಂಬಿತ್ತು. ವಿಮಾ ಸರ್ವೇಯರ್ ಬಂದು ನೋಡಿ, ಮುಂದಿನ ನವೀಕರಣಕ್ಕೆ ಮುಂಚೆ ಈ ವಿಭಾಗಕ್ಕೆ 'ತಕ್ಕ' ವಿದ್ಯುತ್ ಉಪಕರಣ ಅಳವಡಿಸಿ, ಅದರ ದಾಖಲೆಯನ್ನು ಸಲ್ಲಿಸಬೇಕು ಎಂದು ಬರೆದರು. ತಕ್ಕದ್ದು ಎಂದರೆ ಯಾವುದು ಎಂಬುದನ್ನು ಅವರು ಬರೆಯಲಿಲ್ಲ, ಅದು ಅವರ ಕೆಲಸವೂ ಅಲ್ಲ.

ಅಪಾಯದ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿ ಹೊಟ್ಟು ರಾಶಿಯಾಗಿ ಬಿದ್ದಿದ್ದರೆ ನಿಧಾನವಾಗಿ ಹೊಗೆಯಾಡುತ್ತ ಉರಿಯುತ್ತದೆ. ಅದರ ನುಣುಪು ದೂಳು ಮುಚ್ಚಿದ ಜಾಗದಲ್ಲಿ ಗಾಳಿಗೆ ಎದ್ದು, ಕಿಡಿಯೋ ಬಿಸಿ ಮೇಲ್ಮೈಯೋ ಸೋಕಿದರೆ ಸ್ಫೋಟಿಸಬಲ್ಲದು. ಎಲಿವೇಟರಿನೊಳಗೋ ಫಿಲ್ಟರಿನೊಳಗೋ ಆದ ಮೊದಲ ಸಣ್ಣ ಸ್ಫೋಟ ಶೀಟಿನ ಚಾವಣಿಯ ಕಬ್ಬಿಣದ ಮೇಲೆ ವರ್ಷಗಟ್ಟಲೆ ಕೂತ ದೂಳನ್ನು ಕೊಡವಿ ಎಬ್ಬಿಸುತ್ತದೆ, ಆ ಎರಡನೆಯ ಮೋಡ ಹೊತ್ತಿಕೊಂಡಾಗಲೇ ಕಟ್ಟಡ ಬೀಳುವುದು. ಅಂದು ಈ ಘಟಕಕ್ಕೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಇಂಥ ದೂಳಿನ ಬಗ್ಗೆ ಮೂರು ಮಾತು ಹೇಳುತ್ತದೆ: ಯಂತ್ರವನ್ನು ಸರಿಯಾಗಿ ಮುಚ್ಚಬೇಕು, ದೂಳು ಶೇಖರವಾಗದಂತೆ ನೋಡಿಕೊಳ್ಳಬೇಕು, ಹೊತ್ತಿಸಬಲ್ಲ ಮೂಲಗಳನ್ನು ದೂರವಿಡಬೇಕು ಇಲ್ಲವೇ ಮುಚ್ಚಬೇಕು. ವಿದ್ಯುತ್ ಉಪಕರಣದ ಆಯ್ಕೆ ಮೂರನೆಯ ಮಾತಿನ ಒಂದು ಭಾಗವಷ್ಟೇ. ಮೊದಲೆರಡನ್ನು ಬಿಟ್ಟು ದುಬಾರಿ ದೀಪ ತಂದು ತೂಗುಹಾಕಿದರೆ ಪ್ರಯೋಜನ ಅಲ್ಪ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಲಾಯಿತು.

ಡೈರೆಕ್ಟರಿಗೆ ಮುಂಚಿನ ಕೆಲಸ

ಯಾವುದೇ ಪ್ರಮಾಣಪತ್ರವನ್ನು ನೋಡುವ ಮೊದಲು ಜಾಗವನ್ನು ವಿಂಗಡಿಸಿ, ಪ್ರತಿ ಜಾಗಕ್ಕೆ ಬೇಕಾದ್ದನ್ನು ಒಂದು ಹಾಳೆಯ ಮೇಲೆ ಬರೆಯಲಾಯಿತು. ದೂಳಿನ ಮೋಡ ಸದಾ ಅಥವಾ ಬಹುಕಾಲ ಇರುವ ಜಾಗ ವಲಯ 20, ಕೆಲಸ ನಡೆಯುವಾಗ ಆಗೀಗ ಉಂಟಾಗುವ ಜಾಗ ವಲಯ 21, ಸಾಮಾನ್ಯವಾಗಿ ಉಂಟಾಗದೆ, ಉಂಟಾದರೂ ಅಲ್ಪಕಾಲ ಇರುವ ಜಾಗ ವಲಯ 22. ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) ಮಾನಕ 60079-10-2 ಹೇಳುವ ವಿಂಗಡಣೆ ಇದೇ. ಈ ಲೆಕ್ಕದಲ್ಲಿ ಎಲಿವೇಟರಿನ ಒಳಭಾಗ, ಸೈಕ್ಲೋನ್, ಬ್ಯಾಗ್ ಫಿಲ್ಟರಿನ ಕೊಳೆಯ ಬದಿ, ಹೊಟ್ಟಿನ ತೊಟ್ಟಿಯ ಒಳಭಾಗ ವಲಯ 20ಕ್ಕೆ ಸೇರಿದವು. ಸೈಕ್ಲೋನಿನ ಕೆಳಬಾಯಿ ಮತ್ತು ಹೊಟ್ಟನ್ನು ಚೀಲಕ್ಕೆ ತುಂಬುವ ಜಾಗದ ಸುತ್ತ ಸುಮಾರು 1 ಮೀಟರ್ ವಲಯ 21 ಎಂದೂ, ಅದರಾಚೆ ಹಲ್ಲರ್ ಹಾಲಿನ ದೂಳು ಕೂರುವ ಭಾಗ ವಲಯ 22 ಎಂದೂ ಗುರುತಾಯಿತು. ಗಾರ್ಬ್ಲಿಂಗ್ ಕೋಣೆ (ಕೆಟ್ಟ ಬೀಜ ಹೆಕ್ಕುವ ಜಾಗ), ತೂಕದ ಕಟ್ಟೆ, ಕಚೇರಿ, ಕೆಲಸದವರ ಊಟದ ಕೋಣೆ ಈ ವಿಂಗಡಣೆಯ ಹೊರಗೆ ಉಳಿದವು.

ಉಪಕರಣದ ಕಡೆಯಿಂದ ವಲಯ 20ಕ್ಕೆ 'ಡಿಎ', 21ಕ್ಕೆ 'ಡಿಬಿ', 22ಕ್ಕೆ 'ಡಿಸಿ' ಎಂಬ ರಕ್ಷಣಾ ಮಟ್ಟ ಬೇಕು. ಮೇಲಿನ ಮಟ್ಟದ ಉಪಕರಣವನ್ನು ಕೆಳಗಿನ ವಲಯದಲ್ಲಿ ಬಳಸಬಹುದು, ತಿರುಗಾಮುರುಗಾ ಮಾಡುವಂತಿಲ್ಲ. ದೂಳಿಗೆ ಮೂರನೇ ಗುಂಪು ಮೀಸಲು, ನೇಮ್‌ಪ್ಲೇಟಿನಲ್ಲಿ ಅದನ್ನು ರೋಮನ್ ಅಂಕಿಯಲ್ಲಿ ಅಚ್ಚು ಹಾಕಿರುತ್ತಾರೆ. ಅದರಲ್ಲಿ 'ಎ' ಎಂದರೆ ಹಾರಾಡುವ ನಾರು, ಎಳೆ. 'ಬಿ' ಎಂದರೆ ವಿದ್ಯುತ್ ಹರಿಯದ ದೂಳು. 'ಸಿ' ಎಂದರೆ ವಿದ್ಯುತ್ ಹರಿಯುವ ದೂಳು. ಕಾಫಿ ಹೊಟ್ಟಿನ ದೂಳಿಗೆ 'ಬಿ' ಸಾಕು, ಒರಟು ಚೂರುಗಳು 'ಎ'ಗೆ ಸೇರುತ್ತವೆ. 'ಸಿ' ಎಂದಿರುವ ಉಪಕರಣ ಈ ಎರಡಕ್ಕೂ ಸಲ್ಲುತ್ತದೆ.

ಮೇಲ್ಮೈಯ ತಾಪಮಾನವನ್ನು ಮಾತ್ರ ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಐಇಸಿ 60079-14ರ ನಿಯಮದಂತೆ ಉಪಕರಣದ ಗರಿಷ್ಠ ಮೇಲ್ಮೈ ತಾಪಮಾನ ದೂಳಿನ ಮೋಡ ಹೊತ್ತುವ ತಾಪಮಾನದ ಮೂರನೇ ಎರಡು ಭಾಗವನ್ನು ಮೀರಬಾರದು, ಜೊತೆಗೆ 5 ಮಿಲಿಮೀಟರ್ ದಪ್ಪದ ದೂಳಿನ ಪದರ ಹೊತ್ತುವ ತಾಪಮಾನಕ್ಕಿಂತ 75 ಡಿಗ್ರಿಯಾದರೂ ಕೆಳಗಿರಬೇಕು. ಮೋಡಕ್ಕೆ 450, ಪದರಕ್ಕೆ 280 ಡಿಗ್ರಿ ಸೆಲ್ಸಿಯಸ್ ಎಂದು ಲೆಕ್ಕಕ್ಕೆ ಹಿಡಿದರೆ ಮೊದಲ ಮಿತಿ 300, ಎರಡನೆಯದು 205. ಕಡಿಮೆಯದನ್ನೇ ಒಪ್ಪಿಕೊಳ್ಳಬೇಕಾದ್ದರಿಂದ ಮಿತಿ 205ಕ್ಕೆ ಇಳಿಯುತ್ತದೆ. ಪದರದ ಅಂಕಿ ಇದಕ್ಕಿಂತ ಸಾಕಷ್ಟು ಕೆಳಗಿದ್ದರೂ ತೊಂದರೆಯಾಗದಂತೆ, ಈ ಘಟಕದಲ್ಲಿ ನೇಮ್‌ಪ್ಲೇಟಿನ ತಾಪಮಾನ 135 ಡಿಗ್ರಿಯೊಳಗೇ ಇರಬೇಕು ಎಂದು ಹಾಳೆಯಲ್ಲಿ ಬರೆಯಲಾಯಿತು. ಪದರ 5 ಮಿಲಿಮೀಟರ್ ಮೀರಿ ದಪ್ಪವಾದರೆ ಈ ಲೆಕ್ಕವೇ ನಡೆಯುವುದಿಲ್ಲ, ಅನುಮತಿಸುವ ತಾಪಮಾನ ಇನ್ನೂ ಇಳಿಯುತ್ತದೆ. ದೂಳು ಗುಡಿಸುವ ವೇಳಾಪಟ್ಟಿಯೂ ಹೀಗೆ ವಿದ್ಯುತ್ ವಿನ್ಯಾಸದ ಅಂಗವಾಯಿತು.

ಊರಿನ ಎತ್ತರವೂ ಹಾಳೆಗೆ ಬಂತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಸಾಮಾನ್ಯ ಮೋಟಾರುಗಳ ರೇಟಿಂಗ್ 1,000 ಮೀಟರ್ ಎತ್ತರದವರೆಗೆ, 40 ಡಿಗ್ರಿ ಪರಿಸರ ತಾಪಮಾನಕ್ಕೆ ಹೇಳಿದ್ದು. ತೊಂಬತ್ತು ಮೀಟರಿನ ಹೆಚ್ಚಳ ಇಲ್ಲಿಯ ತಂಪು ಹವೆಯಲ್ಲಿ ಸರಿದೂಗುತ್ತದಾದರೂ, ಅದನ್ನು ತಯಾರಕರಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು. ಸ್ಫೋಟಕ ವಾತಾವರಣದ ಉಪಕರಣಗಳ ಪ್ರಮಾಣಪತ್ರಗಳು ಬೇರೆ ಸೂಚನೆ ಇಲ್ಲದಿದ್ದಾಗ 80ರಿಂದ 110 ಕಿಲೋಪ್ಯಾಸ್ಕಲ್ ವಾಯು ಒತ್ತಡವನ್ನು ಊಹಿಸಿಕೊಂಡಿರುತ್ತವೆ. ಈ ಎತ್ತರದಲ್ಲಿ ಒತ್ತಡ ಸುಮಾರು 89, ಹಾಗಾಗಿ ಆ ಕಡೆಯಿಂದ ಅಡ್ಡಿ ಇರಲಿಲ್ಲ.

ಈ ಹಾಳೆ ಸಿದ್ಧವಾದೊಡನೆ ಖರೀದಿಯ ಪಟ್ಟಿಯೇ ಚಿಕ್ಕದಾಯಿತು. ಹಲ್ಲರ್ ಹಾಲಿನ ಗೋಡೆಯಲ್ಲಿದ್ದ ಸ್ಟಾರ್ಟರ್ ಪ್ಯಾನೆಲ್, ವೆಲ್ಡಿಂಗ್ ಸಾಕೆಟ್, ಸ್ವಿಚ್ ಬೋರ್ಡುಗಳನ್ನು ಪಕ್ಕದ ದೂಳಿಲ್ಲದ ಕೋಣೆಗೆ ಸ್ಥಳಾಂತರಿಸಲು ತೀರ್ಮಾನವಾಯಿತು. ವಲಯದೊಳಗೆ ಇರಲೇಬೇಕಾದ ಉಪಕರಣಕ್ಕೆ ಮಾತ್ರ ವಿಶೇಷ ಪ್ರಮಾಣಪತ್ರ ಹುಡುಕುವುದು ಜಾಣತನ. ಹೊರಗಿಡಬಹುದಾದ್ದನ್ನು ಒಳಗಿಟ್ಟು, ಆಮೇಲೆ ಅದಕ್ಕೆ ಪ್ರಮಾಣಪತ್ರ ಹುಡುಕಿಕೊಂಡು ಹೋಗುವುದು ದುಡ್ಡಿಗೂ ದಂಡ, ಸುರಕ್ಷತೆಗೂ ಎರಡನೆಯ ದರ್ಜೆಯ ದಾರಿ.

'ಫ್ಲೇಮ್‌ಪ್ರೂಫ್ ಹಾಕಿಬಿಡೋಣ ಸಾರ್'

ಮೊದಲ ಕೊಟೇಶನ್ ಕೊಟ್ಟ ಗುತ್ತಿಗೆದಾರರು ಅನುಭವಿಗಳೇ. ಪೆಟ್ರೋಲ್ ಬಂಕುಗಳ ಕೆಲಸ ಮಾಡಿದ್ದವರು. "ಫ್ಲೇಮ್‌ಪ್ರೂಫ್ ಹಾಕಿಬಿಡೋಣ ಸಾರ್, ಪೆಟ್ರೋಲಿಗೇ ತಡೆಯೋದು ಹೊಟ್ಟಿಗೆ ತಡೆಯಲ್ವಾ" ಎಂಬುದು ಅವರ ವಾದ. ಮಾತು ಕೇಳುವವರಿಗೆ ಒಪ್ಪುವಂತೆಯೇ ಇತ್ತು. ಅವರು ಲಗತ್ತಿಸಿದ್ದ ಕಾಗದಗಳೂ ಭಾರವಾಗಿಯೇ ಇದ್ದವು: ಧನಬಾದಿನ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯ (ಸಿಐಎಂಎಫ್‌ಆರ್) ಪರೀಕ್ಷಾ ವರದಿಯ ಜೆರಾಕ್ಸ್ ಮತ್ತು ನಾಗಪುರದಲ್ಲಿ ಪ್ರಧಾನ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ (ಪೆಸೊ) ಅನುಮೋದನಾ ಪತ್ರದ ಪ್ರತಿ.

ಆದರೆ ಆ ಎರಡೂ ಕಾಗದಗಳಲ್ಲಿ ಇದ್ದುದು ಅನಿಲದ ಗುಂಪು: ಎರಡನೇ ಗುಂಪಿನ ಎ ಮತ್ತು ಬಿ. ದೂಳಿನ ಮೂರನೇ ಗುಂಪಿನ ಉಲ್ಲೇಖ ಎಲ್ಲಿಯೂ ಇರಲಿಲ್ಲ. ಪೆಸೊ ಅನುಮೋದನೆ ಪೆಟ್ರೋಲಿಯಂ ನಿಯಮಗಳಡಿ ಬರುವ ಅನಿಲ, ಆವಿಯ ಜಾಗಗಳಿಗಾಗಿ ಕೊಟ್ಟದ್ದು. ಅದು ಸುಳ್ಳಲ್ಲ, ಈ ಜಾಗದ ಬಗ್ಗೆ ಏನನ್ನೂ ಹೇಳುವುದಿಲ್ಲ, ಅಷ್ಟೇ.

ವ್ಯತ್ಯಾಸ ಕಾಗದದಲ್ಲಷ್ಟೇ ಇಲ್ಲ, ಲೋಹದಲ್ಲೇ ಇದೆ. ಫ್ಲೇಮ್‌ಪ್ರೂಫ್ ಪೆಟ್ಟಿಗೆಯೊಳಗೆ ಅನಿಲ ನುಗ್ಗುವುದನ್ನು ವಿನ್ಯಾಸವೇ ಒಪ್ಪಿಕೊಂಡಿರುತ್ತದೆ. ಒಳಗೆ ಸ್ಫೋಟವಾದರೆ ಪೆಟ್ಟಿಗೆ ಒಡೆಯದೆ ತಡೆಯಬೇಕು, ಬಿಸಿ ಅನಿಲ ಮುಚ್ಚಳದ ಅಂಚಿನ ಕಿರಿದಾದ ಸಂದಿಯ ಮೂಲಕ ಹೊರಬರುವಾಗ ತಣ್ಣಗಾಗಿ, ಹೊರಗಿನ ಅನಿಲವನ್ನು ಹೊತ್ತಿಸದಂತಿರಬೇಕು. ದೂಳಿಗೆ ಬೇಕಾದ 'ಟಿ' ಬಗೆಯ ರಕ್ಷಣೆ ನಡೆಯುವುದು ಬೇರೆ ತತ್ವದ ಮೇಲೆ: ದೂಳು ಒಳಗೆ ಹೋಗಲೇಬಾರದು, ಹೊರ ಮೇಲ್ಮೈ ಬಿಸಿಯಾಗಲೂಬಾರದು. ಐಎಸ್/ಐಇಸಿ 60079-31 ಇದರ ಮಾನಕ. ಫ್ಲೇಮ್‌ಪ್ರೂಫ್ ಮುಚ್ಚಳದ ಸಂದಿ ದೂಳನ್ನು ತಡೆಯಲೆಂದು ಮಾಡಿದ್ದಲ್ಲ. ಅದರ ಮೇಲ್ಮೈ ತಾಪಮಾನವನ್ನು ಅಳೆಯುವಾಗ ಅದರ ಮೇಲೆ ದೂಳಿನ ಹೊದಿಕೆ ಇರುತ್ತದೆಂದು ಎಣಿಸಿರುವುದೂ ಇಲ್ಲ. ಅನಿಲಕ್ಕೂ ದೂಳಿಗೂ ಎರಡಕ್ಕೂ ಪರೀಕ್ಷೆಗೊಂಡು ಎರಡು ಸಾಲಿನ ಗುರುತು ಹೊತ್ತ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಕೊಟೇಶನ್ನಿನಲ್ಲಿದ್ದವು ಅಂಥವಾಗಿರಲಿಲ್ಲ.

ಗುತ್ತಿಗೆದಾರರು ಇನ್ನೊಂದು ಸುಲಭದ ದಾರಿಯನ್ನೂ ಸೂಚಿಸಿದರು, 'ಐಪಿ 65' ಎಂದಿರುವ ಸಾದಾ ದೀಪ. ಐಪಿ ಸಂಖ್ಯೆಯ ಮೊದಲ ಅಂಕಿ 6 ಎಂದರೆ ದೂಳು ಒಳಹೋಗದು ಎಂಬುದು ನಿಜ. ಆದರೆ ಆ ಪರೀಕ್ಷೆ ಮೇಲ್ಮೈ ತಾಪಮಾನದ ಬಗ್ಗೆ, ಹೊಡೆತ ಬಿದ್ದ ಮೇಲೂ ಮುಚ್ಚಳ ಬಿಗಿಯಾಗಿ ಉಳಿಯುತ್ತದೆಯೇ ಎಂಬುದರ ಬಗ್ಗೆ, ಒಳಗಿನ ದೋಷದಿಂದ ಏನಾಗಬಹುದು ಎಂಬುದರ ಬಗ್ಗೆ ಮೌನವಾಗಿದೆ.

ಪರದೆಯ ಮೇಲೆ ಓದಿದ್ದು

ಸ್ಫೋಟಕ ವಾತಾವರಣದ ಉಪಕರಣಗಳಿಗೆ ಐಇಸಿಇಎಕ್ಸ್ ಎಂಬ ಅಂತಾರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ಇದೆ. ಅದರ ಪ್ರಮಾಣಪತ್ರಗಳೆಲ್ಲ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿರುವ ಒಂದೇ ಆನ್‌ಲೈನ್ ಡೈರೆಕ್ಟರಿಯಲ್ಲಿವೆ. ಮೂಲ ಪ್ರತಿ ಅಲ್ಲಿರುವುದೇ, ಕೈಗೆ ಬಂದ ಕಾಗದ ಅದರ ನಕಲು ಮಾತ್ರ. ಪ್ರಮಾಣಪತ್ರದ ಸಂಖ್ಯೆಯಲ್ಲಿ ಅದನ್ನು ಕೊಟ್ಟ ಸಂಸ್ಥೆಯ ಸಂಕೇತ, ವರ್ಷ, ಕ್ರಮಸಂಖ್ಯೆ ಇರುತ್ತವೆ. ಸಂಖ್ಯೆ ಹಾಕಿದರೆ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ, ರದ್ದಾಗಿದೆಯೇ ಎಂಬುದು ಮೊದಲ ಪುಟದಲ್ಲೇ ಸಿಗುತ್ತದೆ. ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಈ ಪ್ರಕರಣದಲ್ಲಿ ಉಪಯೋಗಕ್ಕೆ ಬಂದದ್ದೆಲ್ಲ ಒಳಪುಟಗಳಲ್ಲಿ ಸಿಕ್ಕಿತು.

ಫ್ಯಾನಿನ ಮೋಟಾರಿಗೆ ಬಂದ ಹೊಸ ಪ್ರಸ್ತಾವ 'ಎಕ್ಸ್ ಟಿಬಿ' (ಡಿಬಿ ಮಟ್ಟದ 'ಟಿ' ಬಗೆಯ ರಕ್ಷಣೆ), ಮೂರನೇ ಗುಂಪು ಸಿ, 125 ಡಿಗ್ರಿ, ರಕ್ಷಣಾ ಮಟ್ಟ ಡಿಬಿ ಎಂದು ಹೇಳುತ್ತಿತ್ತು. ಹಾಳೆಯಲ್ಲಿ ಬರೆದ ಎಲ್ಲಕ್ಕೂ ಅದು ಹೊಂದಿತು. ಡೈರೆಕ್ಟರಿಯಲ್ಲಿ ಪ್ರಮಾಣಪತ್ರ ಚಾಲ್ತಿಯಲ್ಲಿತ್ತು. ಆದರೆ ಮೂಲ ಆವೃತ್ತಿಯ ಮಾದರಿಗಳ ಪಟ್ಟಿಯಲ್ಲಿ ಕೊಟೇಶನ್ನಿನ ಫ್ರೇಮ್ ಗಾತ್ರ ಇರಲಿಲ್ಲ. ಅದೇ ಸಂಖ್ಯೆಯ ನಂತರದ ಆವೃತ್ತಿಯನ್ನು ತೆರೆದಾಗ ಅಲ್ಲಿ ಸೇರಿಸಿದ್ದು ಕಂಡಿತು. ವ್ಯಾಪಾರಿ ಕಳುಹಿಸಿದ ಪಿಡಿಎಫ್ ಹಳೆಯ ಆವೃತ್ತಿಯದ್ದಾದ್ದರಿಂದ, ಅದೊಂದನ್ನೇ ನೋಡಿದ್ದರೆ ಸರಿಯಾದ ಮೋಟಾರು ತಿರಸ್ಕಾರವಾಗುತ್ತಿತ್ತು. ಡೈರೆಕ್ಟರಿ ತಪ್ಪು ಸಾಮಾನನ್ನು ಹೊರಹಾಕುವಂತೆಯೇ ಸರಿಯಾದದ್ದನ್ನು ಉಳಿಸಿಯೂ ಕೊಡುತ್ತದೆ.

ಅದೇ ಮೋಟಾರಿನ ಸಂಖ್ಯೆಯ ತುದಿಯಲ್ಲಿ 'ಎಕ್ಸ್' ಎಂಬ ಒಂದಕ್ಷರ ಇತ್ತು. ಬಳಕೆಗೆ ವಿಶೇಷ ಷರತ್ತುಗಳಿವೆ ಎಂಬುದು ಅದರ ಅರ್ಥ. ಷರತ್ತುಗಳನ್ನು ಓದಿದಾಗ, ವೇಗ ನಿಯಂತ್ರಿಸುವ ವಿಎಫ್‌ಡಿ ಜೊತೆ ಬಳಸುವುದಾದರೆ ವೈಂಡಿಂಗಿನಲ್ಲಿ ಬಿಸಿಯನ್ನು ಗುರುತಿಸುವ ಥರ್ಮಿಸ್ಟರ್ ಇರಬೇಕು, ಅದು ಬಿಸಿಯಾದೊಡನೆ ಸರಬರಾಜನ್ನು ನೇರವಾಗಿ ಕಡಿಯುವಂತೆ ಜೋಡಿಸಬೇಕು, ನಿಗದಿತ ಆವರ್ತನದ ಮಿತಿಯೊಳಗೇ ಓಡಿಸಬೇಕು ಎಂದಿತ್ತು. ಘಟಕದವರು ವಿದ್ಯುತ್ ಉಳಿತಾಯಕ್ಕೆಂದು ವಿಎಫ್‌ಡಿ ಹಾಕುವ ಯೋಚನೆಯಲ್ಲಿದ್ದರು. ಬ್ಯಾಗ್ ಫಿಲ್ಟರಿನ ಎಳೆತ ಸೀಸನ್ನಿಡೀ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉಳಿತಾಯ ಅಷ್ಟಕ್ಕಷ್ಟೇ ಎಂದು ಲೆಕ್ಕ ಹಾಕಿ, ಆ ಯೋಚನೆಯನ್ನು ಕೈಬಿಡಲಾಯಿತು. ಥರ್ಮಿಸ್ಟರ್ ಇರುವ ಮೋಟಾರನ್ನೇ ತರಿಸಿ, ಟ್ರಿಪ್ ರಿಲೇ ಜೋಡಿಸಲಾಯಿತು.

ದೀಪದ ಪ್ರಮಾಣಪತ್ರದಲ್ಲೂ ಅದೇ ಅಕ್ಷರವಿತ್ತು. ಅದರ ಪಾರದರ್ಶಕ ಮುಚ್ಚಳ ಪ್ಲಾಸ್ಟಿಕ್ಕಿನದು. ಒಣಬಟ್ಟೆಯಲ್ಲಿ ಉಜ್ಜಿದರೆ ಸ್ಥಾಯೀ ವಿದ್ಯುತ್ತು ಶೇಖರವಾಗುವುದರಿಂದ ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಕು, ವೇಗವಾಗಿ ಚಿಮ್ಮುವ ದೂಳು ನೇರವಾಗಿ ಬಡಿಯುವ ಕಡೆ ಅಳವಡಿಸಬಾರದು ಎಂಬ ಷರತ್ತು ಅಲ್ಲಿತ್ತು. ಹಳೆಯ ದೀಪ ಇದ್ದುದು ಸೈಕ್ಲೋನಿನ ಬಾಯಿಯ ನೆತ್ತಿಯಲ್ಲೇ. ಹೊಸದನ್ನು ಅಲ್ಲಿಂದ ಪಕ್ಕದ ಕಂಬಕ್ಕೆ ಸರಿಸಲು ಆ ಒಂದು ಸಾಲೇ ಕಾರಣ. ಒದ್ದೆ ಬಟ್ಟೆಯ ವಿಷಯವನ್ನು ಕನ್ನಡದಲ್ಲಿ ಬರೆಸಿ ಸ್ಟೋರಿನ ಬಾಗಿಲಿಗೆ ಅಂಟಿಸಲಾಯಿತು, ಏಕೆಂದರೆ ಪ್ರಮಾಣಪತ್ರವನ್ನು ಓದುವವರು ಒಬ್ಬರು, ದೀಪವನ್ನು ಒರೆಸುವವರು ಇನ್ನೊಬ್ಬರು.

ಜಂಕ್ಷನ್ ಬಾಕ್ಸಿನ ಸಂಖ್ಯೆ 'ಯು' ಅಕ್ಷರದಿಂದ ಕೊನೆಗೊಂಡಿತ್ತು. 'ಯು' ಇದ್ದರೆ ಅದು ಪೂರ್ಣ ಉಪಕರಣದ ಪ್ರಮಾಣಪತ್ರವಲ್ಲ, ಬಿಡಿಭಾಗದ್ದು. ಇಲ್ಲಿ ಖಾಲಿ ಪೆಟ್ಟಿಗೆಯದ್ದು. ಅದರೊಳಗೆ ಟರ್ಮಿನಲ್ ಕೂರಿಸಿ, ತೂತು ಕೊರೆದು ಬಳಸಬೇಕಾದರೆ ಆ ಇಡೀ ಜೋಡಣೆಗೆ ಬೇರೆ ಪ್ರಮಾಣಪತ್ರ ಬೇಕು. ವ್ಯಾಪಾರಿಗೆ ಇದು ಹೊಸ ವಿಷಯವಾಗಿತ್ತು ಎಂದು ಕಾಣುತ್ತದೆ. ಟರ್ಮಿನಲ್ಲುಗಳ ಸಮೇತ ಪ್ರಮಾಣೀಕೃತವಾದ ಪೆಟ್ಟಿಗೆಯನ್ನೂ, ಅದಕ್ಕೆ ಹೊಂದುವ, ತಮ್ಮದೇ ಪ್ರಮಾಣಪತ್ರವಿರುವ ಗ್ಲ್ಯಾಂಡ್ (ಕೇಬಲ್ ಒಳಬರುವ ತೂತನ್ನು ಬಿಗಿಮಾಡುವ ಭಾಗ) ಮತ್ತು ಮುಚ್ಚುಪ್ಲಗ್‌ಗಳನ್ನೂ ಬರೆದು ಕೇಳಬೇಕಾಯಿತು. ಕಾಟನ್ ವೇಸ್ಟ್ ತುರುಕಿದ್ದ ತೂತನ್ನು ನೋಡಿದ ಮೇಲೆ, ಮುಚ್ಚುಪ್ಲಗ್ಗಿಗೂ ಪ್ರಮಾಣಪತ್ರ ಕೇಳುವುದು ಅತಿಯಾಯಿತು ಎಂದು ಮಾಲೀಕರು ಹೇಳಲಿಲ್ಲ.

ಹೊಟ್ಟಿನ ತೊಟ್ಟಿ ತುಂಬಿತೆಂದು ತಿಳಿಸುವ ಲೆವೆಲ್ ಸ್ವಿಚ್ ಮಾತ್ರ ವಲಯ 20ರೊಳಗೇ ಕೈಚಾಚಬೇಕಾದ ಸಾಧನ. ತಿರುಗುವ ರೆಕ್ಕೆ ತೊಟ್ಟಿಯೊಳಗೆ, ತಲೆ ಹೊರಗೆ. ಇಂಥವುಗಳ ಪ್ರಮಾಣಪತ್ರದಲ್ಲಿ ರಕ್ಷಣಾ ಮಟ್ಟವನ್ನು 'ಡಿಎ' ಗೆರೆ 'ಡಿಬಿ' ಎಂದು ಎರಡು ಭಾಗವಾಗಿ ಬರೆದಿರುತ್ತಾರೆ. ಒಂದೇ ಮಟ್ಟ, 'ಡಿಬಿ', ಬರೆದಿದ್ದ ಅಗ್ಗದ ಸ್ವಿಚ್ಚನ್ನು ಆ ಕಾರಣಕ್ಕೆ ಬಿಡಲಾಯಿತು.

ಯುರೋಪಿನಲ್ಲಿ ಸ್ಫೋಟಕ ವಾತಾವರಣದ ಉಪಕರಣಗಳಿಗೆ ಕೊಡುವ ಎಟೆಕ್ಸ್ ಪ್ರಮಾಣಪತ್ರವಿದ್ದ ಒಂದು ಎಲಿವೇಟರ್ ಬೆಲ್ಟ್ ಸೆನ್ಸರನ್ನು ಪರಿಶೀಲಿಸುವಾಗ ಬೇರೆ ತೊಡಕು ಎದುರಾಯಿತು. ಎಟೆಕ್ಸ್ ಪ್ರಮಾಣಪತ್ರಗಳಿಗೆ ಐಇಸಿಇಎಕ್ಸ್‌ನಂತೆ ಒಂದೇ ಸಾರ್ವಜನಿಕ ಡೈರೆಕ್ಟರಿ ಇಲ್ಲ. ಕೊಟ್ಟ ಸಂಸ್ಥೆಯ ತಾಣದಲ್ಲೇ ಹುಡುಕಬೇಕು ಅಥವಾ ಅವರಿಗೆ ಬರೆದು ಕೇಳಬೇಕು. ಮೇಲಾಗಿ ವಲಯ 22ಕ್ಕೆ ಸಲ್ಲುವ '3ಡಿ' ವರ್ಗದ ಉಪಕರಣಕ್ಕೆ ತಯಾರಕರ ಸ್ವಂತ ಘೋಷಣೆಯೇ ಸಾಕೆಂದು ಯುರೋಪಿನ 2014/34/ಇಯು ನಿರ್ದೇಶನ ಒಪ್ಪುತ್ತದೆ. ಅಂಥದ್ದು ಯಾವ ಸಂಸ್ಥೆಯ ಪಟ್ಟಿಯಲ್ಲೂ ಸಿಗದಿದ್ದರೆ ಅದು ಮೋಸ ಎಂದು ತೀರ್ಮಾನಿಸುವಂತಿಲ್ಲ. ಇಲ್ಲಿಯ ಸೆನ್ಸರ್ ವಲಯ 21ಕ್ಕೆ ಸಲ್ಲುವ '2ಡಿ' ವರ್ಗದ್ದೆಂದು ಹೇಳಿಕೊಂಡಿದ್ದರಿಂದ, ಅದನ್ನು ಕೊಟ್ಟ ಸಂಸ್ಥೆಯ ದೃಢೀಕರಣ ಕೇಳಲಾಯಿತು. ಉತ್ತರ ಬಾರದ ಕಾರಣ, ಐಇಸಿಇಎಕ್ಸ್ ಪ್ರಮಾಣಪತ್ರವಿರುವ ಮತ್ತೊಂದನ್ನು ಆರಿಸಲಾಯಿತು.

ಐಎಸ್‌ಐ ಬದಿ

ವಿಂಗಡಣೆಯ ಹೊರಗಿದ್ದ ಭಾಗಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ದಾಖಲೆಯೇ ಆಧಾರ. ಐಎಸ್‌ಐ ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತವೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಯಾವ ಉತ್ಪನ್ನಕ್ಕೆ, ಈಗ ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ಕಡಿಯುವ ಸ್ವಿಚ್), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಸಾಕೆಟ್ಟುಗಳ ವಿಷಯದಲ್ಲಿ ಎಲ್ಲವೂ ನೇರವಾಗಿತ್ತು.

ವೈರಿನ ಸುರುಳಿಯೊಂದರ ಮೇಲೆ ಐಎಸ್ 694 ಎಂದೂ ಒಂದು ಪರವಾನಗಿ ಸಂಖ್ಯೆಯೂ ಅಚ್ಚಾಗಿದ್ದವು. ಆ ಸಂಖ್ಯೆಗೆ ಸಿಕ್ಕ ಹೆಸರು ಸುರುಳಿಯ ಮೇಲಿನ ಬ್ರಾಂಡಿನದ್ದಾಗಿರಲಿಲ್ಲ. ಒಬ್ಬರು ತಯಾರಿಸಿ ಇನ್ನೊಬ್ಬರ ಬ್ರಾಂಡಿನಲ್ಲಿ ಮಾರುವುದು ಕ್ರಮಬದ್ಧವಾಗಿ ನಡೆಯಬಹುದಾದ್ದರಿಂದ ಇಷ್ಟಕ್ಕೇ ನಕಲಿ ಎನ್ನಲಾಗದು. ಆದರೆ ಪರವಾನಗಿಯಲ್ಲಿ ಈ ಬ್ರಾಂಡ್ ನಮೂದಾಗಿರಲಿಲ್ಲ, ಪರವಾನಗಿಯ ಅವಧಿಯೂ ಮುಗಿದಿತ್ತು. ಅವಧಿಯೊಳಗೆ ತಯಾರಾದ ಹಳೆಯ ದಾಸ್ತಾನು ಎಂದು ಅಂಗಡಿಯವರು ಸಮಜಾಯಿಷಿ ಕೊಟ್ಟರು, ತಯಾರಿಕೆಯ ತಿಂಗಳು ಮಾತ್ರ ಸುರುಳಿಯ ಮೇಲೆ ಓದಲಾಗದಂತೆ ಮಾಸಿತ್ತು. ಮಾಲು ವಾಪಸಾಯಿತು. ವೈರು, ಕೇಬಲ್ಲುಗಳಿಗೆ 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದಲೇ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದೆ ಮಾರುವುದನ್ನು 2016ರ ಬಿಐಎಸ್ ಕಾಯ್ದೆಯ 17ನೇ ಕಲಂ ನಿಷೇಧಿಸುತ್ತದೆ.

ಗಾರ್ಬ್ಲಿಂಗ್ ಕೋಣೆಯ ಎಲ್‌ಇಡಿ ದೀಪಗಳ ಪೆಟ್ಟಿಗೆಯ ಮೇಲೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇತ್ತು. ಎಲೆಕ್ಟ್ರಾನಿಕ್ ಸಾಮಾನುಗಳಿಗೆ 2012ರ ಆದೇಶದಡಿ ಆರಂಭವಾದ ಕಡ್ಡಾಯ ನೋಂದಣಿಯ ಗುರುತು ಅದು, ಆ್ಯಪ್‌ನಲ್ಲಿ ಅದಕ್ಕೆ ಬೇರೆಯೇ ಹುಡುಕಾಟದ ಜಾಗವಿದೆ. ಹುಡುಕಿದಾಗ ಆ ನೋಂದಣಿ, ಎಲ್‌ಇಡಿಗೆ ತಕ್ಕ ವಿದ್ಯುತ್ ಒದಗಿಸುವ ಒಳಗಿನ ಡ್ರೈವರಿನದು, ದೀಪದ್ದಲ್ಲ ಎಂದು ತಿಳಿಯಿತು. ಡ್ರೈವರಿಗೆ ಒಂದು ಮಾನಕ, ಪೂರ್ಣ ದೀಪಕ್ಕೆ ಐಎಸ್ 10322 ಎಂಬ ಇನ್ನೊಂದು. ದೀಪದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದ ನಂತರವೇ ಒಪ್ಪಿಗೆ ಕೊಡಲಾಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಫ್ಯಾನಿನ ಹಳೆಯ ಮೋಟಾರಿಗೂ ಐಎಸ್ 12615ರ ಐಎಸ್‌ಐ ಗುರುತಿತ್ತು, ಪರವಾನಗಿಯೂ ಸರಿಯಾಗಿತ್ತು. ಆ ಮಾನಕ ಮೋಟಾರಿನ ದಕ್ಷತೆ, ಕಾರ್ಯಕ್ಷಮತೆಯನ್ನು ಹೇಳುತ್ತದೆ. ಹೊತ್ತುವ ದೂಳಿನ ನಡುವೆ ಅದನ್ನು ಇಡಬಹುದೇ ಎಂಬ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ.

ಆಮದು ಕಲರ್ ಸಾರ್ಟರ್

ಬಣ್ಣ ನೋಡಿ ಬೀಜ ಬೇರ್ಪಡಿಸುವ ಆಮದು ಯಂತ್ರದ ಮೇಲೆ ಯುರೋಪಿನ ಸಿಇ ಗುರುತಿತ್ತು, ಒಳಗಿನ ಪವರ್ ಸಪ್ಲೈ ಮೇಲೆ ಅಮೆರಿಕದ ಯುಎಲ್ ಸಂಸ್ಥೆಯ ಗುರುತಿತ್ತು. ಸಾಮಾನ್ಯ ವಿದ್ಯುತ್ ಯಂತ್ರಗಳಲ್ಲಿ ಸಿಇ ಹೆಚ್ಚಾಗಿ ತಯಾರಕರ ಸ್ವಂತ ಘೋಷಣೆ, ಹುಡುಕಿ ನೋಡಲು ಅದಕ್ಕೆ ಡೈರೆಕ್ಟರಿ ಇಲ್ಲ. ಯುಎಲ್‌ನ ಪ್ರಾಡಕ್ಟ್ ಐಕ್ಯೂ ತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಹುಡುಕಿದಾಗ, ಪವರ್ ಸಪ್ಲೈ 'ರೆಕಗ್ನೈಸ್ಡ್' ಬಿಡಿಭಾಗಗಳ ಪಟ್ಟಿಯಲ್ಲಿತ್ತು, ಪೂರ್ಣ ಉತ್ಪನ್ನಗಳ 'ಲಿಸ್ಟೆಡ್' ಪಟ್ಟಿಯಲ್ಲಿರಲಿಲ್ಲ. ಐಇಸಿಇಎಕ್ಸ್‌ನ 'ಯು' ಅಕ್ಷರಕ್ಕೆ ಸಮೀಪದ ಸಂಗತಿ ಇದು: ಬಿಡಿಭಾಗ ಪರೀಕ್ಷೆಯಾಗಿದೆ, ಯಂತ್ರ ಆಗಿಲ್ಲ. ಇವೆರಡರಲ್ಲಿ ಯಾವುದೂ ದೂಳಿನ ಸ್ಫೋಟಕ ವಾತಾವರಣವನ್ನು ಉದ್ದೇಶಿಸಿದ್ದಲ್ಲ. ಯಂತ್ರವನ್ನು ಮೊದಲು ಯೋಚಿಸಿದಂತೆ ಹಲ್ಲರ್ ಹಾಲಿನಲ್ಲಿ ಇಡದೆ, ನಡುವೆ ಗೋಡೆ ಕಟ್ಟಿ, ಗಾರ್ಬ್ಲಿಂಗ್ ಕೋಣೆಯ ಬದಿಗೆ ಕೂರಿಸಲಾಯಿತು.

ಆರ್ಡರು ಮತ್ತು ಬಂದ ಮಾಲು

ಖರೀದಿ ಆದೇಶದಲ್ಲಿ 'ಫ್ಲೇಮ್‌ಪ್ರೂಫ್', 'ಡಸ್ಟ್‌ಪ್ರೂಫ್' ಎಂಬ ಸಡಿಲ ಮಾತುಗಳನ್ನು ಬಿಟ್ಟು, ಪ್ರತಿ ಸಾಲಿನಲ್ಲೂ ಪೂರ್ಣ ಗುರುತಿನ ಸಾಲು, ಪ್ರಮಾಣಪತ್ರದ ಸಂಖ್ಯೆ, ಆವೃತ್ತಿ, ಮಾದರಿ ಸಂಕೇತ, ತಯಾರಿಕಾ ಸ್ಥಳದ ವಿಳಾಸ ಬರೆಯಲಾಯಿತು. ನೇಮ್‌ಪ್ಲೇಟ್ ಇವಕ್ಕೆ ಹೊಂದದಿದ್ದರೆ ಮಾಲು ವಾಪಸು ಎಂಬ ಷರತ್ತನ್ನೂ ಸೇರಿಸಲಾಯಿತು. ಗುತ್ತಿಗೆದಾರರು ಮೊದಲಿಗೆ ಮುಖ ಸಿಂಡರಿಸಿದರಾದರೂ, ಬೆಲೆ ಹೋಲಿಸುವುದು ಇದರಿಂದ ಸುಲಭವಾಯಿತು ಎಂದು ಆಮೇಲೆ ಅವರೇ ಒಪ್ಪಿದರು. ಎಲ್ಲರೂ ಒಂದೇ ವಸ್ತುವಿಗೆ ದರ ಹೇಳತೊಡಗಿದ್ದರು.

ಮಾಲು ಬಂದ ದಿನ ಪ್ರತಿ ನೇಮ್‌ಪ್ಲೇಟಿನ ಚಿತ್ರ ತೆಗೆದು ಡೈರೆಕ್ಟರಿಯ ಪುಟದ ಪಕ್ಕ ಇಟ್ಟು ನೋಡಲಾಯಿತು. ಮೋಟಾರು, ಪೆಟ್ಟಿಗೆ, ಗ್ಲ್ಯಾಂಡುಗಳು ಹೊಂದಿದವು. ದೀಪಗಳಲ್ಲಿ ಒಂದರ ನೇಮ್‌ಪ್ಲೇಟಿನಲ್ಲಿ ಪ್ರಮಾಣಪತ್ರದ ಸಂಖ್ಯೆ ಅದೇ ಇದ್ದರೂ ಅನಿಲದ ಸಾಲು ಮಾತ್ರ ಅಚ್ಚಾಗಿತ್ತು, ದೂಳಿನ ಸಾಲು ಇರಲಿಲ್ಲ. ಪ್ರಮಾಣಪತ್ರ ಎರಡೂ ಬಗೆಯ ದೀಪಗಳನ್ನು ಒಳಗೊಂಡಿತ್ತು, ಗೋದಾಮಿನಲ್ಲಿ ಅದಲುಬದಲಾಗಿತ್ತು. ಬದಲಿ ಬರುವವರೆಗೆ ಆ ಮೂಲೆಗೆ, ಬಿಗಿಯಾಗಿ ಮುಚ್ಚಿದ ಗಾಜಿನ ಕಿಟಕಿಯ ಹೊರಗಿನಿಂದ ಬೆಳಕು ಹಾಯಿಸಿ ಕೆಲಸ ನಡೆಸಲಾಯಿತು.

ವಿಮಾ ಕಂಪನಿಗೆ ಹೋದ ಕಡತದಲ್ಲಿ ಜಾಗದ ವಿಂಗಡಣೆಯ ನಕ್ಷೆ, ತಾಪಮಾನದ ಲೆಕ್ಕ, ಪರಿಶೀಲಿಸಿದ ದಿನಾಂಕ ಸಹಿತ ಡೈರೆಕ್ಟರಿ ಪುಟಗಳ ಮುದ್ರಿತ ಪ್ರತಿ, ವಿಶೇಷ ಷರತ್ತುಗಳ ಪಟ್ಟಿ, ನೇಮ್‌ಪ್ಲೇಟ್ ಚಿತ್ರಗಳು ಮತ್ತು ಚಾವಣಿ ಗುಡಿಸುವ ವೇಳಾಪಟ್ಟಿ ಇದ್ದವು. ಪ್ರಮಾಣಪತ್ರಗಳ ಸ್ಥಿತಿ ಬದಲಾಗಬಹುದಾದ್ದರಿಂದ ಪ್ರತಿ ವರ್ಷ ಅಕ್ಟೋಬರಿನಲ್ಲಿ, ಹಲ್ಲರ್ ಚಾಲನೆಗೆ ಮುಂಚೆ, ಅವೇ ಸಂಖ್ಯೆಗಳನ್ನು ಮತ್ತೆ ಹಾಕಿ ನೋಡುವ ಕೆಲಸವನ್ನು ಘಟಕದ ಎಲೆಕ್ಟ್ರಿಕಲ್ ಸೂಪರ್‌ವೈಸರಿಗೆ ವಹಿಸಲಾಗಿದೆ.